ಹುಬ್ಬಳ್ಳಿ ಮಲ್ಟಿಪ್ಲೆಕ್ಸು, ಶಿರಸಿ ಟಾಕೀಸು, ನಮ್ಮನೆ ಅಂಗಳ

ಸೈನ್ಸ್ ಫಿಕ್ಷನ್ ಸಿನಿಮಾ ಅಂದರೆ ನನಗೆ ಪ್ರಾಣ. ಹೊಸದು ಬಂತು ಅಂದರೆ ಶನಿವಾರ ಯಾವಾಗ ಬರುತ್ತದೋ ಅಂತ ಕಾಯುತ್ತೇನೆ. ಆದರೆ ಶಿರಸಿಯಲ್ಲಿ ಇರುವವರಿಗೆ ಯಾವುದನ್ನು ನೋಡೋದು ಅನ್ನುವುದಕ್ಕಿಂತ ಎಲ್ಲಿ ನೋಡೋದು ಅನ್ನುವುದೇ ದೊಡ್ಡ ಪ್ರಶ್ನೆ. ಒಂದೋ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕು. ಇಲ್ಲ, ಇಲ್ಲೇ ಪೇಟೆಯ ಟಾಕೀಸಿಗೆ ಬಂದರೆ ನೋಡಬೇಕು. ಅದೂ ಇಲ್ಲ ಅಂದ್ರೆ ಒಟಿಟಿಗೆ ಬರುವ ತನಕ ತಡೆದುಕೊಂಡು, ಮನೆ ಅಂಗಳದಲ್ಲಿ ಪ್ರೊಜೆಕ್ಟರ್ ಹಾಕಬೇಕು. ಮೂರನ್ನೂ ಮಾಡಿ ನೋಡಿದ್ದೇನೆ.

ಪರದೆ ದೊಡ್ಡದಿದ್ದರೆ ಸಾಕು ಅಂತ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಈ ತರದ ಸಿನಿಮಾಕ್ಕೆ ಮೊದಲು ಬೇಕಾಗಿದ್ದು ಒಳ್ಳೆ ಕತ್ತಲು, ಆಮೇಲೆ ಮೌನ.

ಕತ್ತಲಿನ ಲೆಕ್ಕದಲ್ಲಿ ಹುಬ್ಬಳ್ಳಿಯೇ ಮುಂದೆ. 'ಡ್ಯೂನ್' ಎರಡನೇ ಭಾಗ 2024ರ ಮಾರ್ಚ್ 1ಕ್ಕೆ ಬಿಡುಗಡೆಯಾಯಿತು. ಆ ಭಾನುವಾರವೇ ಅಕ್ಕನ ಜೊತೆ ಹೊರಟೆ. ಮುಂಡಗೋಡ, ತಡಸ ದಾಟಿ ಹುಬ್ಬಳ್ಳಿ ಮುಟ್ಟುವಾಗ ಮೂರು ತಾಸು ಆಗಿತ್ತು. ಅಕ್ಕನಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ. ಉಳಿದ ದುಡ್ಡಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು ಒಳಗೆ ಹೋದೆವು.

ಆ ಸಿನಿಮಾದಲ್ಲಿ ಖಳರ ಮನೆತನವಾದ ಹಾರ್ಕೊನೆನ್‌ಗಳ ಗ್ರಹ ಬರುತ್ತದೆ. ಅಲ್ಲಿ ಸೂರ್ಯನೇ ಕಪ್ಪು. ಬಯಲಿಗೆ ಬಂದರೆ ಬಣ್ಣವೆಲ್ಲ ಹೋಗಿ ಬರೀ ಕಪ್ಪು ಬಿಳುಪು. ಆ ಭಾಗವನ್ನು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರೀಕರಿಸಿದ್ದಾರೆ. ಅದಕ್ಕೇ ಮನುಷ್ಯರ ಚರ್ಮ ಮೇಣದ ಹಾಗೆ ಬೆಳ್ಳಗೆ ಕಾಣುತ್ತದೆ. ಆಕಾಶದಲ್ಲಿ ಪಟಾಕಿ ಸಿಡಿದರೆ ನೀರಿಗೆ ಬಿದ್ದ ಶಾಯಿ ಹರಡಿದ ಹಾಗೆ ಕಪ್ಪಗೆ ಹರಡುತ್ತದೆ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆಮೇಲೆ ಇದೇ ಭಾಗವನ್ನು ಮನೆ ಪ್ರೊಜೆಕ್ಟರಿನಲ್ಲಿ ಹಾಕಿದೆ. ಕಪ್ಪೆಲ್ಲ ಬೂದಿ ಬಣ್ಣ. ಆ ಗ್ರಹದ ಹೆದರಿಕೆಯೇ ಹೋಗಿಬಿಟ್ಟಿತು. ಮರಳಿನ ದೊಡ್ಡ ಹುಳದ ಮೇಲೆ ನಾಯಕ ಪಾಲ್ ಸವಾರಿ ಮಾಡುವಾಗಲೂ ಅಷ್ಟೇ. ಹುಬ್ಬಳ್ಳಿಯಲ್ಲಿ ಕುರ್ಚಿ ನಡುಗಿತ್ತು, ಮನೆಯಲ್ಲಿ ಸ್ಪೀಕರ್ ಗರಗರ ಅಂದಿತು.

ಮೌನ ಮಾತ್ರ ಅಲ್ಲಿ ಸಿಗಲಿಲ್ಲ. ಪಕ್ಕದ ಪರದೆಯ ಹಾಡಿನ ಢಂಢಂ ಗೋಡೆ ದಾಟಿ ಬರುತ್ತಿತ್ತು. 166 ನಿಮಿಷದ ಸಿನಿಮಾ, ಮಧ್ಯೆ ಇಂಟರ್ವಲ್ ಬೇರೆ. ಕೊನೆಯ ಅರ್ಧ ತಾಸು ಅಕ್ಕ ಬಸ್ಸು ತಪ್ಪುತ್ತದೆ ಅಂತ ಗಡಿಯಾರ ನೋಡುತ್ತಲೇ ಇದ್ದಳು. ಹಾಗೆ ನೋಡಿದರೆ ಅರ್ಧ ಸಿನಿಮಾ ನೋಡಿದ ಹಾಗೆ.

ಪೇಟೆಯ ಟಾಕೀಸಿನಲ್ಲಿ ಕತ್ತಲೂ ಇಲ್ಲ, ಮೌನವೂ ಇಲ್ಲ. ಆದರೂ 'ಕಲ್ಕಿ 2898 ಎಡಿ'ಯನ್ನು ಅಲ್ಲಿ ನೋಡಿದ್ದಕ್ಕೆ ನನಗೆ ಸಂತೋಷವೇ ಇದೆ. 2024ರ ಜೂನ್ ಕೊನೆ, ಮಳೆ ಹಿಡಿದಿತ್ತು. ತಗಡಿನ ಮಾಡಿನ ಮೇಲೆ ಮಳೆ ಹೊಡೆತಕ್ಕೆ ಅರ್ಧ ಮಾತು ಕೇಳಲೇ ಇಲ್ಲ. ಸೌಂಡು ಎಡಗಡೆಯಿಂದ ಮಾತ್ರ. ಆದರೆ ಅಮಿತಾಭ್ ಬಚ್ಚನ್ ಅಶ್ವತ್ಥಾಮನಾಗಿ ಎದ್ದು ನಿಂತಾಗ ಇಡೀ ಟಾಕೀಸು ಶಿಳ್ಳೆ ಹೊಡೆಯಿತು. ನಮ್ಮ ಕಡೆಯವರಿಗೆ ಅಶ್ವತ್ಥಾಮನನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಗದಾಯುದ್ಧದ ಯಕ್ಷಗಾನ ಆಟದಲ್ಲಿ ಬೆಳಗಿನ ಜಾವದ ತನಕ ಕೂತು ನೋಡಿದ ಪಾತ್ರ ಅದು. ಇಂಟರ್ವಲ್‌ನಲ್ಲಿ ಪಕ್ಕದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಕೃಷ್ಣನ ಶಾಪ 3 ಸಾವಿರ ವರ್ಷಕ್ಕೆ ಅಲ್ದನಾ ತಮಾ? ಇವ್ರು 6 ಸಾವಿರ ಮಾಡಿದ್ವಲಾ!" ಅಂದರು. ಅವರು ಹೇಳಿದ್ದು ಸರಿ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಇರುವುದು 3 ಸಾವಿರವೇ. ಚಹಾ ಆರುವ ತನಕ ಅದೇ ಚರ್ಚೆ. ಹುಬ್ಬಳ್ಳಿಯಲ್ಲಿ ಪಕ್ಕದ ಸೀಟಿನವರ ಮುಖ ಕೂಡ ನೋಡಿರಲಿಲ್ಲ. ಕೂಗಿ ಸಂಭ್ರಮಿಸುವ ಸಿನಿಮಾ ಆದರೆ ನಾನು ಟಾಕೀಸನ್ನೇ ಆರಿಸುತ್ತೇನೆ. ಕರೆಂಟು ಹೋಗಿ ಜನರೇಟರ್ ಶುರುವಾಗುವ ತನಕ ಹರಟೆ ಹೊಡೆಯುವುದಕ್ಕೂ ತಯಾರು.

ಇನ್ನು ಅಂಗಳ. ಫೆಬ್ರವರಿಯಲ್ಲಿ ನಮ್ಮ ಅಂಗಳದ ತುಂಬ ಅಡಿಕೆ ಇರುತ್ತದೆ. ಸಂಜೆ ಅದನ್ನು ಬಳಿದು ಒಂದು ಮೂಲೆಗೆ ರಾಶಿ ಹಾಕುತ್ತೇವೆ. ಎರಡು ಬಿಳಿ ಪಂಚೆ ಸೇರಿಸಿ ಹೊಲಿದು ಚಪ್ಪರದ ಕಂಬಕ್ಕೆ ಬಿಗಿಯಾಗಿ ಕಟ್ಟಿದರೆ ಪರದೆ ತಯಾರು. ಗಾಳಿ ಬಂದರೆ ಅಲುಗುತ್ತದೆ, ಅದಕ್ಕೆ ಕೆಳಗಿನ ಅಂಚಿಗೆ ಒಂದು ಬಿದಿರು ಗಳ ಕಟ್ಟಬೇಕು. ಬೆಳದಿಂಗಳಿದ್ದರೆ ಚಿತ್ರವೇ ಮಾಸಿಹೋಗುತ್ತದೆ. ಹಾಗಾಗಿ ಪಂಚಾಂಗ ನೋಡಿ ಅಮಾವಾಸ್ಯೆ ಹತ್ತಿರದ ಶನಿವಾರವನ್ನೇ ಆರಿಸುವುದು.

ಕನ್ನಡದ 'ಬ್ಲಿಂಕ್' ನೋಡಿದ್ದು ಹೀಗೇ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ. ದೊಡ್ಡ ಗ್ರಾಫಿಕ್ಸ್ ಇಲ್ಲ, ಆದರೆ ತಲೆಗೆ ಕೆಲಸ ಜಾಸ್ತಿ. ಭಾವ ನಾಲ್ಕು ಸಲ ನಿಲ್ಲಿಸಿ "ಈಗ ಯಾವ ವರ್ಷ?" ಅಂತ ಕೇಳಿದರು. ನಿಲ್ಲಿಸಿದಾಗೆಲ್ಲ ಕಥೆ ಇನ್ನಷ್ಟು ಬಿಚ್ಚಿಕೊಂಡಿತು. ಇಂಥ ಸಿನಿಮಾವನ್ನು ಟಾಕೀಸಿನಲ್ಲಿ ಒಂದೇ ಉಸಿರಿಗೆ ನೋಡಿದರೆ ಅರ್ಧ ಕೈಜಾರಿ ಹೋಗುತ್ತದೆ.

'ಇಂಟರ್‌ಸ್ಟೆಲ್ಲರ್' ಅನ್ನಂತೂ ನಾನು ಇನ್ನು ಅಂಗಳದಲ್ಲೇ ನೋಡುವುದು. 2014ರ ಸಿನಿಮಾ, ಭಾರತದಲ್ಲಿ 2025ರ ಫೆಬ್ರವರಿಯಲ್ಲಿ ಮತ್ತೆ ತೆರೆಗೆ ಬಂತು. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ದೊಡ್ಡ ಪರದೆಯಲ್ಲೇ ನೋಡಿದೆ. ಅಲೆ ಬೆಟ್ಟದ ಹಾಗೆ ಬರುವಾಗ ಮೈ ಜುಮ್ಮೆಂದಿತು, ನಿಜ. ಆದರೆ ಆ ನೀರಿನ ಗ್ರಹದಲ್ಲಿ ಸಂಗೀತದ ಒಳಗೆ ಟಿಕ್, ಟಿಕ್ ಅಂತ ಒಂದು ಸದ್ದು ಇದೆ. ಬೆಂಗಳೂರಿನಲ್ಲಿ ಪಾಪ್‌ಕಾರ್ನ್ ಪೊಟ್ಟಣದ ಗಲಾಟೆಯಲ್ಲಿ ನನಗದು ಕೇಳಿಸಲೇ ಇಲ್ಲ. ಎರಡು ವಾರ ಬಿಟ್ಟು ಅಂಗಳದಲ್ಲಿ ಹಾಕಿದಾಗ ಒಂದೊಂದೂ ಕೇಳಿತು. ಕಥೆಯ ಪ್ರಕಾರ ಆ ಗ್ರಹದ 1 ಗಂಟೆ ಅಂದರೆ ಭೂಮಿಯ 7 ವರ್ಷ. ಲೆಕ್ಕ ಹಾಕಿದೆ. ಅಲ್ಲಿ 1.4 ಸೆಕೆಂಡು ಕಳೆದರೆ ಇಲ್ಲಿ ಒಂದು ದಿನ. ಅಂದರೆ ಹೆಚ್ಚುಕಡಿಮೆ ಒಂದು ಟಿಕ್‌ಗೆ ಒಂದು ದಿನ! ಅದನ್ನು ಹೇಳಿದ ಕೂಡಲೇ ಅಕ್ಕನ ಮಗಳು ಬೆರಳು ಮಡಚಿ ದಿನ ಎಣಿಸೋಕೆ ಶುರುಮಾಡಿದಳು.

ಮುಂದೆ ನೌಕೆ ಸಿಡಿಯುವ ಜಾಗ ಬಂತು. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಸದ್ದು ಹರಿಯುವುದಿಲ್ಲ. ಸಿನಿಮಾ ಅದನ್ನು ಹಾಗೇ ತೋರಿಸುತ್ತದೆ. ಬೆಂಕಿ, ಚೂರು, ಎಲ್ಲ ಕಾಣುತ್ತದೆ, ಸದ್ದಿಲ್ಲ. ಅಂಗಳದಲ್ಲಿ ಆಗ ಕೇಳಿದ್ದು ತೋಟದ ಜೀರುಂಡೆ ಮಾತ್ರ. ಯಾರೂ ಹಪ್ಪಳ ಮುರಿಯಲಿಲ್ಲ. ಸಿನಿಮಾ ಮುಗಿದ ಮೇಲೆ ಚಪ್ಪರದ ಆಚೆ ಬಂದು ನಿಂತೆವು. ಪಶ್ಚಿಮದ ಕಡೆ ಆರ್ದ್ರಾ ನಕ್ಷತ್ರ ಕೆಂಪಗೆ ಹೊಳೆಯುತ್ತಿತ್ತು. ಆ ಬೆಳಕು ಹೊರಟು ನೂರಾರು ವರ್ಷ ಆಯ್ತು ಅಂತ ಮಗುವಿಗೆ ಹೇಳಿದೆ. "ಹಾಗಾದ್ರೆ ಅಲ್ಲಿ ಈಗ ಏನಾಗ್ತಾ ಇದೆ ಮಾವ?" ಅಂತ ಕೇಳಿದಳು. ಅಡಿಕೆ ರಾಶಿಯ ಪಕ್ಕ ಕಂಬಳಿ ಹಾಸಿಕೊಂಡು ಹನ್ನೆರಡರ ತನಕ ಅದನ್ನೇ ಮಾತಾಡಿದೆವು.

'ಡ್ಯೂನ್' ಮೂರನೇ ಭಾಗಕ್ಕೆ ಮಾತ್ರ ಮತ್ತೆ ಹುಬ್ಬಳ್ಳಿಗೇ ಹೋಗುತ್ತೇನೆ. ಈ ಸಲ ಬೆಳಗಿನ ಮೊದಲ ಆಟಕ್ಕೆ.