ಕುರ್ಚಿ, ಸ್ಟೇರಿಂಗ್, ಟಾರ್ಪಾಲು: ಕಚೇರಿ ಬಿಟ್ಟು ಮಾಡಿನೋಡಿದ ಮೂರು ಬಗೆಯ ಲಾರಿ ಕೆಲಸಗಳು

ಹನ್ನೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದ ಮೇಲೆ, ಮೂವತ್ತೇಳನೆಯ ವಯಸ್ಸಿನಲ್ಲಿ, ಭಾರೀ ವಾಹನ ಓಡಿಸುವ ಪರವಾನಗಿ ಪಡೆದು ನಾನು ಕಚೇರಿ ಬಿಟ್ಟೆ. ಏಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದೆ: ಕುಳಿತು ಕುಳಿತು ಸಾಕಾಗಿದೆ, ಇನ್ನು ಮೈಮುರಿದು ದುಡಿಯಬೇಕು. ಲಾರಿ ಚಾಲಕನೂ ಕುಳಿತೇ ಕೆಲಸ ಮಾಡುತ್ತಾನೆ ಎಂಬ ಸರಳ ಸಂಗತಿ ಆಗ ನನ್ನ ತಲೆಗೆ ಹೊಳೆದಿರಲಿಲ್ಲ. ಆಮೇಲಿನ ನಾಲ್ಕು ವರ್ಷಗಳಲ್ಲಿ ಮೂರು ಬಗೆಯ ಲಾರಿ ಕೆಲಸ ಮಾಡಿನೋಡಿದ್ದೇನೆ: ದೂರದ ಊರುಗಳ ನಡುವೆ ಕಂಟೈನರ್ ಓಡಿಸುವುದು, ಒಂದೇ ನಗರದೊಳಗೆ ಅಂಗಡಿಯಿಂದ ಅಂಗಡಿಗೆ ಸರಕು ಇಳಿಸುತ್ತ ಹೋಗುವುದು, ತೆರೆದ ಬಾಡಿಯ ಲಾರಿಯಲ್ಲಿ ಕಬ್ಬಿಣ, ಮರ, ಯಂತ್ರಗಳನ್ನು ಸಾಗಿಸುವುದು. ಹೊರಗಿನವರಿಗೆ ಮೂರೂ ಒಂದೇ ಉದ್ಯೋಗದಂತೆ ಕಾಣುತ್ತವೆ. ದೇಹಕ್ಕೆ ಮಾತ್ರ ಮೂರೂ ಬೇರೆ ಬೇರೆ, ಮತ್ತು ಅವುಗಳಲ್ಲಿ ಒಂದು ನಾನು ಬಿಟ್ಟುಬಂದ ಕಚೇರಿಗೇ ಹೆಚ್ಚು ಹತ್ತಿರ.

ಹೋಲಿಕೆಗೆ ಕಚೇರಿಯನ್ನೇ ಮೊದಲು ಇಡಬೇಕು, ಮತ್ತು ಅದಕ್ಕೆ ಅನ್ಯಾಯ ಮಾಡಬಾರದು. ಬರುವ ಹೊತ್ತು, ಹೋಗುವ ಹೊತ್ತು ಗೊತ್ತಿರುತ್ತಿತ್ತು. ಜ್ವರ ಬಂದರೆ ರಜೆಯ ಚೀಟಿ ಬರೆದರೆ ಮುಗಿಯುತ್ತಿತ್ತು. ಬೇಕೆಂದಾಗ ಎದ್ದು ಶೌಚಾಲಯಕ್ಕೆ ಹೋಗಬಹುದಿತ್ತು. ಈ ಕೊನೆಯದು ಎಂಥ ಸವಲತ್ತೆಂಬುದು ಲಾರಿ ಹತ್ತಿದ ಮೊದಲ ವಾರವೇ ತಿಳಿಯಿತು. ಕಚೇರಿ ನನ್ನಿಂದ ಕಸಿದುಕೊಂಡದ್ದು ಕತ್ತಿನ ಆರೋಗ್ಯವನ್ನು ಮತ್ತು ನಿದ್ದೆಯನ್ನು. ಸಂಜೆ ದೇಹ ದಣಿದಿರುತ್ತಿರಲಿಲ್ಲ, ತಲೆ ಮಾತ್ರ ದಣಿದಿರುತ್ತಿತ್ತು. ತಿಂಗಳ ಕೊನೆಯಲ್ಲಂತೂ ತಾಳೆಯಾಗದ ಒಂದು ಮೊತ್ತ ನಡುರಾತ್ರಿಯಲ್ಲಿ ಎಬ್ಬಿಸಿ ಕೂರಿಸುತ್ತಿತ್ತು.

ಮೊದಲು ಸಿಕ್ಕಿದ್ದು ದೂರಪ್ರಯಾಣದ ಕಂಟೈನರ್ ಲಾರಿ. ಅದನ್ನು ಹದಿನಾಲ್ಕು ತಿಂಗಳು ಓಡಿಸಿದೆ. ಗೋದಾಮಿನಲ್ಲಿ ಸರಕನ್ನು ಬೇರೆಯವರು ತುಂಬಿ, ಬಾಗಿಲಿಗೆ ಮೊಹರು ಹಾಕಿ, ಕಾಗದಪತ್ರ ಕೈಗಿಡುತ್ತಿದ್ದರು. ತಲುಪಿದ ಕಡೆ ಮೊಹರು ಒಡೆದು ಬೇರೆಯವರೇ ಇಳಿಸಿಕೊಳ್ಳುತ್ತಿದ್ದರು. ನಡುವಿನ ಕೆಲಸವೆಂದರೆ ಕುಳಿತಿರುವುದು. ದಿನಕ್ಕೆ ಎಂಟರಿಂದ ಹತ್ತು ಗಂಟೆ ಸ್ಟೇರಿಂಗ್ ಹಿಂದೆ ಕುಳಿತ ನನ್ನ ಮೈ, ಕಚೇರಿಯಲ್ಲಿ ನಡೆಯುತ್ತಿದ್ದುದಕ್ಕಿಂತ ಕಡಿಮೆ ನಡೆಯುತ್ತಿತ್ತು. ಕಚೇರಿಯ ಕುರ್ಚಿಯಾದರೂ ಅಲುಗಾಡುತ್ತಿರಲಿಲ್ಲ. ಲಾರಿಯ ಸೀಟು ರಸ್ತೆಯ ಒಂದೊಂದು ತಗ್ಗನ್ನೂ ಬೆನ್ನೆಲುಬಿಗೆ ಲೆಕ್ಕ ಒಪ್ಪಿಸುತ್ತದೆ. ಇಡೀ ದೇಹಕ್ಕೆ ತಗಲುವ ಈ ಕಂಪನವನ್ನು ಯುರೋಪಿನ ಒಕ್ಕೂಟವು 2002ರ ಒಂದು ನಿರ್ದೇಶನದಲ್ಲಿ ಅಳತೆಗೇ ಒಳಪಡಿಸಿದೆ: ಎಂಟು ಗಂಟೆಯ ದಿನಕ್ಕೆ ಕಂಪನದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 0.5 ಮೀಟರ್ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 1.15 ಮೀಟರ್ ಅನ್ನು ದಾಟಲೇಬಾರದು. ಗಾಳಿ ತುಂಬುವ ಸೀಟನ್ನು ಚಾಲಕನ ತೂಕಕ್ಕೆ ಸರಿಯಾಗಿ ಹೊಂದಿಸಿಕೊಂಡರೆ ಅರ್ಧ ನೋವು ಕಡಿಮೆಯಾಗುತ್ತದೆ ಎಂಬುದನ್ನು ನಾನು ಆರನೆಯ ತಿಂಗಳಲ್ಲಿ ಕಲಿತೆ. ಅಲ್ಲಿಯವರೆಗೆ ಹಿಂದಿನ ಚಾಲಕನ ತೂಕಕ್ಕೆ ಹೊಂದಿಸಿದ್ದ ಸೀಟಿನ ಮೇಲೆಯೇ ಕುಳಿತಿದ್ದೆ.

ಕುಳಿತು ಓಡಿಸುವುದು ದುಡಿಮೆಯಂತೆ ಕಂಡರೂ ದೇಹಕ್ಕೆ ಅದು ದುಡಿಮೆಯಲ್ಲ ಎಂಬುದಕ್ಕೆ ಹಳೆಯದೊಂದು ಪುರಾವೆ ಇದೆ. 1953ರಲ್ಲಿ ಬ್ರಿಟನ್ನಿನ ವೈದ್ಯ ಜೆರ‍್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಬಸ್ಸಿನಲ್ಲಿ ದುಡಿಯುವ ಇಬ್ಬರಲ್ಲಿ, ಎರಡಂತಸ್ತಿನ ಮೆಟ್ಟಿಲನ್ನು ದಿನವಿಡೀ ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚಾಗಿತ್ತು. ಅವರೇ ಅಂಚೆ ಇಲಾಖೆಯಲ್ಲಿ ಪತ್ರ ಹಂಚುವವರನ್ನೂ ಮೇಜಿನ ಮುಂದೆ ಕೂರುವ ಗುಮಾಸ್ತರನ್ನೂ ಹೋಲಿಸಿದಾಗ, ಅಲ್ಲಿಯೂ ನಡೆಯುವವರೇ ಮೇಲಾಗಿದ್ದರು. ಇದನ್ನು ಓದಿದ ದಿನ ನನಗೆ ನಗು ಬಂತು: ನಾನು ಗುಮಾಸ್ತನ ಕುರ್ಚಿಯಿಂದೆದ್ದು ಬಸ್ ಚಾಲಕನ ಸೀಟಿಗೆ ಹೋಗಿ ಕುಳಿತಿದ್ದೆ, ಮೆಟ್ಟಿಲು ಹತ್ತುವ ಕಂಡಕ್ಟರನಾಗಿದ್ದೇನೆಂದು ನಂಬಿಕೊಂಡಿದ್ದೆ.

ಹಾಗಾದರೆ ದೂರಪ್ರಯಾಣ ಸುಲಭವೇ ಎಂದರೆ ಅದೂ ಅಲ್ಲ. ಅಲ್ಲಿ ಎತ್ತಬೇಕಾದ ಭಾರ ನಿದ್ದೆಯದು. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಒಂದು ಪ್ರಯೋಗ ತೋರಿಸಿತು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಲಾರಿ ಒಂದು ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ರೆಪ್ಪೆ ಕೂಡಿದರೆ 75 ಮೀಟರ್ ರಸ್ತೆಯನ್ನು ಯಾರೂ ನೋಡದೆ ದಾಟಿದಂತೆ. ಇದಕ್ಕಾಗಿಯೇ ದೇಶದೇಶಗಳ ಕಾನೂನುಗಳು ಗಡಿಯಾರ ಹಿಡಿದು ಕುಳಿತಿವೆ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಿತಿ. ಅಮೆರಿಕದಲ್ಲಿ 10 ಗಂಟೆ ಬಿಡುವಿನ ನಂತರ 14 ಗಂಟೆಯ ಅವಧಿಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿತ್ತು. ಆದರೆ ಕಾನೂನು ಬಿಡುವನ್ನು ಕೊಡಬಲ್ಲದು, ನಿದ್ದೆಯನ್ನು ಕೊಡಲಾರದು. ಹಗಲು ಹನ್ನೊಂದಕ್ಕೆ ನಿಲ್ದಾಣದ ಗದ್ದಲದ ನಡುವೆ, ಕ್ಯಾಬಿನ್ನಿನ ಪರದೆ ಎಳೆದು ಮಲಗಿ, ಇಂದು ಯಾವ ವಾರವೆಂದು ಲೆಕ್ಕ ಹಾಕುತ್ತಿದ್ದ ನನಗೆ ಕಚೇರಿಯ ನಿದ್ರಾಭಂಗವೇ ಮೇಲೆನಿಸಿದ್ದುಂಟು. ಒಂಟಿತನ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಅದು ಮನುಷ್ಯನಿಂದ ಮನುಷ್ಯನಿಗೆ ಬೇರೆ.

ಎರಡನೆಯದು ನಗರದೊಳಗಿನ ವಿತರಣೆ. ಲಾರಿ ಚಿಕ್ಕದು, ದಾರಿ ಚಿಕ್ಕದು, ದಿನಕ್ಕೆ ಮೂವತ್ತರ ಆಸುಪಾಸು ನಿಲುಗಡೆ. ಇಲ್ಲಿ ಕೊನೆಗೂ ನಾನು ಬಯಸಿದ ಮೈದುಡಿಮೆ ಸಿಕ್ಕಿತು, ಬಯಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಪ್ರತಿ ನಿಲುಗಡೆಯಲ್ಲೂ ಕ್ಯಾಬಿನ್ನಿನಿಂದ ಇಳಿಯಬೇಕು, ಹಿಂದಿನ ಬಾಗಿಲು ತೆರೆದು ಬಾಡಿಯೊಳಗೆ ಹತ್ತಬೇಕು, ಪೆಟ್ಟಿಗೆಗಳನ್ನು ಹುಡುಕಿ ಅಂಚಿಗೆ ಎಳೆಯಬೇಕು, ಇಳಿದು ಹೊರಬೇಕು, ಸಹಿ ಹಾಕಿಸಿಕೊಂಡು ಮತ್ತೆ ಕ್ಯಾಬಿನ್ ಏರಬೇಕು. ಮೂವತ್ತು ನಿಲುಗಡೆಯೆಂದರೆ ಅರವತ್ತು ಸಲ ಹತ್ತಿ ಅರವತ್ತು ಸಲ ಇಳಿಯುವುದು. ಮೊದಲ ದಿನ ಜೊತೆಗಿದ್ದ ಹಿರಿಯ ಚಾಲಕರು ನಾನು ಕ್ಯಾಬಿನ್ನಿನಿಂದ ಜಿಗಿದದ್ದನ್ನು ಕಂಡು, "ನೋಡಪ್ಪಾ, ಮುಖ ಗಾಡಿ ಕಡೆ ಇಟ್ಟುಕೊಂಡು ಏಣಿ ಇಳಿದ ಹಾಗೆ ಇಳಿ. ಈಗ ಉಳಿಸುವ ಎರಡು ಸೆಕೆಂಡಿಗೆ ಆಮೇಲೆ ಮಂಡಿ ಬಡ್ಡಿ ಕಟ್ಟುತ್ತದೆ" ಎಂದರು. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಹೀಗೆ ಮೂರು ಆಧಾರ ಸದಾ ಗಾಡಿಯ ಮೇಲಿರಬೇಕೆಂಬುದು ಎಲ್ಲೆಡೆ ಕಲಿಸುವ ನಿಯಮ. ಲೆಕ್ಕದವನಿಗೆ ಬಡ್ಡಿಯ ಮಾತು ಬೇಗ ನಾಟಿತು.

ಮೂರು ತಿಂಗಳಲ್ಲಿ ನನ್ನ ಆರು ಕಿಲೋ ತೂಕ ಇಳಿಯಿತು, ಕತ್ತಿನ ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ, ರಾತ್ರಿ ತಲೆ ದಿಂಬಿಗೆ ತಾಗುವ ಮೊದಲೇ ನಿದ್ದೆ ಬರುತ್ತಿತ್ತು. ಇಷ್ಟಕ್ಕೇ ನಿಲ್ಲಿಸಿದರೆ ವಿತರಣೆಯೇ ಗೆದ್ದಂತೆ. ಆದರೆ ವ್ಯಾಯಾಮಕ್ಕೂ ದುಡಿಮೆಗೂ ಇರುವ ಅಂತರ ಏಳನೆಯ ತಿಂಗಳಲ್ಲಿ ಗೊತ್ತಾಯಿತು: ವ್ಯಾಯಾಮವನ್ನು ದಣಿವಾದಾಗ ನಿಲ್ಲಿಸಬಹುದು, ಇಪ್ಪತ್ತೆರಡನೆಯ ಅಂಗಡಿಯಲ್ಲಿ ಹಾಗೆ ನಿಲ್ಲಿಸಲಾಗದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಭಾರ ಮೈಗೆ ಹತ್ತಿರವಿದ್ದು, ಸೊಂಟದ ಮಟ್ಟದ ಆಸುಪಾಸಿನಲ್ಲಿದ್ದು, ಮೈ ತಿರುಚದೆ, ಅಪರೂಪಕ್ಕೊಮ್ಮೆ ಎತ್ತುವುದಾದರೆ, 23 ಕಿಲೋ ಎಂಬುದು ಮೇಲ್ಮಿತಿ. ಕೈ ಚಾಚಿದಷ್ಟೂ, ಮೈ ತಿರುಚಿದಷ್ಟೂ, ಬಾರಿಬಾರಿಗೂ ಎತ್ತಿದಷ್ಟೂ ಆ ಅಂಕಿ ಇಳಿಯುತ್ತ ಹೋಗುತ್ತದೆ. ಲಾರಿಯ ಮೂಲೆಯಲ್ಲಿ ಬಗ್ಗಿ, ಅರ್ಧ ತಿರುಗಿ, ದಿನದ ನೂರನೆಯ ಪೆಟ್ಟಿಗೆಯನ್ನು ಎತ್ತುವವನಿಗೆ ಯಾವ ಸೂತ್ರವೂ 23 ಕಿಲೋ ಬಿಡುವುದಿಲ್ಲ. ನನ್ನ ಬೆನ್ನು ಹಿಡಿದದ್ದು ಹದಿನೈದು ಕಿಲೋ ಇದ್ದಿರಬಹುದಾದ, ಲೆಕ್ಕಕ್ಕೇ ಬಾರದ ಒಂದು ಪೆಟ್ಟಿಗೆಯಿಂದ. ಹನ್ನೆರಡು ದಿನ ಮಲಗಿದೆ. ಸಂಬಳ ನಿಲುಗಡೆಯ ಲೆಕ್ಕದಲ್ಲಿದ್ದುದರಿಂದ ಆ ಹನ್ನೆರಡು ದಿನವೂ ಸೊನ್ನೆ. ಕಚೇರಿಯ ರಜೆಯ ಚೀಟಿ ಆಗ ತುಂಬ ನೆನಪಾಯಿತು.

ದೇಹಕ್ಕಿಂತ ಹೆಚ್ಚಾಗಿ ನನ್ನನ್ನು ವಿತರಣೆಯಿಂದ ಹೊರಗೆ ತಳ್ಳಿದ್ದು ಗಡಿಬಿಡಿ. ನಿಲ್ಲಿಸಲು ಜಾಗವಿಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅಂಗಡಿಯವರು ತಡವಾಯಿತೆನ್ನುತ್ತಾರೆ, ಕಂಪನಿಯ ಫೋನು ಎಲ್ಲಿದ್ದೀರಿ ಎನ್ನುತ್ತದೆ. ತಿಂಗಳ ಕೊನೆಯ ಒತ್ತಡವನ್ನು ಬಿಟ್ಟುಬಂದವನಿಗೆ ದಿನದಿನವೂ ತಿಂಗಳ ಕೊನೆಯಾಯಿತು. ಒಂಬತ್ತು ತಿಂಗಳಿಗೆ ಬಿಟ್ಟೆ.

ಈಗ ಮಾಡುತ್ತಿರುವುದು ಮೂರನೆಯದು, ತೆರೆದ ಬಾಡಿಯ ಲಾರಿ. ಇದನ್ನು ನಾನು ಹುಡುಕಿಕೊಂಡು ಹೋಗಿದ್ದಲ್ಲ, ಬೇರೆ ಸಿಗದೆ ಒಪ್ಪಿಕೊಂಡದ್ದು. ಸರಕನ್ನು ಕ್ರೇನು ಇಡುತ್ತದೆ, ಕಟ್ಟುವ ಹೊಣೆ ಮಾತ್ರ ನನ್ನದು. ಎರಡು ಗಂಟೆ ಕಟ್ಟುವುದು, ನಾಲ್ಕೈದು ಗಂಟೆ ಓಡಿಸುವುದು, ಒಂದು ಗಂಟೆ ಬಿಚ್ಚುವುದು: ಕುಳಿತಿರುವುದಕ್ಕೂ ದುಡಿಯುವುದಕ್ಕೂ ಇಂಥ ಹದ ಮೊದಲಿನ ಎರಡರಲ್ಲಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಟ್ಟುವುದು ತಲೆ ಬಯಸುವ ಕೆಲಸ. ಯುರೋಪ್, ಅಮೆರಿಕ ಎರಡೂ ಕಡೆಯ ನಿಯಮಗಳ ಪ್ರಕಾರ, ಸರಕಿನ ತೂಕದ 0.8 ಪಾಲಿನಷ್ಟು ಬಲ ಮುಂದಕ್ಕೂ 0.5 ಪಾಲಿನಷ್ಟು ಬಲ ಅಕ್ಕಪಕ್ಕಕ್ಕೂ ಹಿಂದಕ್ಕೂ ತಳ್ಳಿದರೂ ಸರಕು ಕದಲದಂತೆ ಕಟ್ಟಿರಬೇಕು. ಇಪ್ಪತ್ತು ಟನ್ ಕಬ್ಬಿಣ ಹೇರಿದ ಲಾರಿಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದರೆ ಹದಿನಾರು ಟನ್ ಭಾರದಷ್ಟು ಒತ್ತಡ ನನ್ನ ಬೆನ್ನ ಹಿಂದಿನಿಂದ ಕ್ಯಾಬಿನ್ನಿನ ಕಡೆಗೆ ಹೊರಡುತ್ತದೆ ಎಂದರ್ಥ. ಅದರಲ್ಲಿ ಘರ್ಷಣೆ ಎಷ್ಟನ್ನು ತಡೆಯುತ್ತದೆ, ಅಡಿಗೆ ರಬ್ಬರ್ ಹಾಸು ಹಾಕಿದರೆ ಎಷ್ಟು ಬೆಲ್ಟು ಕಡಿಮೆಯಾಗುತ್ತದೆ, ಎಲ್ಲಿ ಸರಪಳಿಯೇ ಬೇಕು, ಎಲ್ಲಿ ಬೆಲ್ಟಿನ ಅಂಚು ಚೂಪಾದ ಕಬ್ಬಿಣಕ್ಕೆ ಉಜ್ಜದಂತೆ ಮೂಲೆಗೆ ಕಾಪು ಇಡಬೇಕು, ಇವೆಲ್ಲವನ್ನೂ ಕೂಡಿ ಕಳೆದು ತಾಳೆ ನೋಡುವಾಗ ನನ್ನೊಳಗಿನ ಹಳೆಯ ಲೆಕ್ಕಿಗ ಎದ್ದು ಕುಳಿತುಕೊಳ್ಳುತ್ತಾನೆ.

ಇದರ ಕಷ್ಟವನ್ನು ಮುಚ್ಚಿಡಬಾರದು. ಮಳೆಯಲ್ಲಿ ನೆನೆದ ಟಾರ್ಪಾಲು ಒಬ್ಬನ ಕೈಗೆ ಮೀರಿದ ಭಾರ, ಗಾಳಿ ಅದರ ಅಡಿಗೆ ನುಗ್ಗಿದರೆ ಹಿಡಿದವನನ್ನೂ ಎಳೆದುಕೊಂಡು ಹೋಗಬಲ್ಲದು, ಮತ್ತು ಸರಕಿನ ಮೇಲೆ ಹತ್ತಿ ನಿಂತವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಒಮ್ಮೆ ಜಾರಿ, ಕೆಳಗೆ ಬೀಳದೆ ಮರದ ದಿಮ್ಮಿಗಳ ನಡುವೆ ಸಿಕ್ಕಿಕೊಂಡು ಉಳಿದೆ. ಅಂದಿನಿಂದ ನೆಲದಲ್ಲೇ ನಿಂತು ಹಾಸಬಹುದಾದಷ್ಟನ್ನು ನೆಲದಿಂದಲೇ ಹಾಸುತ್ತೇನೆ, ಹೊತ್ತು ಹೆಚ್ಚು ಹಿಡಿದರೂ ಸರಿ. ವಿತರಣೆಯಲ್ಲಿ ಬೆನ್ನು ದಿನಕ್ಕಿಷ್ಟೆಂದು ಸವೆಯುತ್ತದೆ; ಇಲ್ಲಿ ದೇಹ ಅಷ್ಟು ಸವೆಯದು, ಆದರೆ ಪೆಟ್ಟು ಬಿದ್ದರೆ ಒಂದೇ ಪೆಟ್ಟು. ಯಾವುದು ಕಡಿಮೆ ಕೆಟ್ಟದ್ದು ಎಂಬುದಕ್ಕೆ ನನ್ನಲ್ಲಿರುವುದು ನನ್ನ ಆಯ್ಕೆ ಮಾತ್ರ: ನಿಧಾನವಾಗಿ ಮಾಡಿದರೆ ತಪ್ಪಿಸಿಕೊಳ್ಳಬಹುದಾದ ಅಪಾಯವನ್ನು ನಾನು ಒಪ್ಪುತ್ತೇನೆ, ಎಷ್ಟು ಜಾಗ್ರತೆ ವಹಿಸಿದರೂ ಸವೆಯಲೇಬೇಕಾದದ್ದನ್ನು ಒಪ್ಪಲಾರೆ.

ಜವಾಬ್ದಾರಿಯ ವಿಷಯದಲ್ಲಿ ಮೂರು ಲಾರಿಗಳೂ ಒಂದು ಕಡೆ, ಕಚೇರಿ ಇನ್ನೊಂದು ಕಡೆ. ಲೆಕ್ಕದಲ್ಲಿ ತಪ್ಪಾದರೆ ತಿದ್ದುಪಡಿ ನಮೂದೊಂದನ್ನು ಬರೆದು ಸರಿಪಡಿಸಬಹುದಿತ್ತು. ಭಾರ ಹೇರಿದ ಲಾರಿಯನ್ನು ಘಾಟಿಯಲ್ಲಿ ಇಳಿಸುವಾಗ, ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ತಡೆಯಿಂದಲೇ ವೇಗ ಹಿಡಿದಿಡದಿದ್ದರೆ, ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆಗ ತಿದ್ದುಪಡಿಗೆ ಅವಕಾಶವಿಲ್ಲ. ವಿಚಿತ್ರವೆಂದರೆ, ಇಷ್ಟು ದೊಡ್ಡ ಹೊಣೆ ರಾತ್ರಿ ನನ್ನನ್ನು ಎಬ್ಬಿಸುವುದಿಲ್ಲ. ಲಾರಿ ನಿಲ್ಲಿಸಿ ಕೈಬ್ರೇಕ್ ಎಳೆದು, ಗಾಳಿ ಬುಸ್ಸೆಂದು ಹೊರಬಿದ್ದರೆ ಆ ದಿನದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ನಾಳೆಗೆ ಬಾಕಿ ಉಳಿಯುವುದಿಲ್ಲ.

ಹಣದ ವಿಷಯ ಬೇಗ ಹೇಳಿಬಿಡಬಹುದು. ದೂರಪ್ರಯಾಣದಲ್ಲಿ ಕೈಗೆ ಹೆಚ್ಚು ಬಂತು, ಆದರೆ ಮನೆಯಿಂದ ಹೊರಗಿದ್ದ ಗಂಟೆಗಳಿಂದ ಭಾಗಿಸಿದಾಗ ಮೂರರಲ್ಲಿ ಅದೇ ಕನಿಷ್ಠ. ಗಂಟೆಯ ಲೆಕ್ಕದಲ್ಲಿ ಕಚೇರಿಯನ್ನು ಮೂರೂ ಮುಟ್ಟಲಿಲ್ಲ.

ನನ್ನಂತೆ ಕುರ್ಚಿಯ ಬೇಸರದಿಂದ ಹೊರಟವರು ದೂರಪ್ರಯಾಣವನ್ನು ಆರಿಸಿಕೊಂಡರೆ ಮೋಸಹೋಗುತ್ತಾರೆ. ಜನರ ಬೇಸರದಿಂದ ಹೊರಟವರಿಗೆ ಅದೇ ಸರಿಯಾದೀತು, ಮತ್ತು ಅಂಥವರು ವಿತರಣೆಯ ಹತ್ತಿರ ಸುಳಿಯಬಾರದು. ಮೂವತ್ತರೊಳಗಿದ್ದು, ಒಂದೆರಡು ವರ್ಷ ಮೈ ಗಟ್ಟಿ ಮಾಡಿಕೊಂಡು ಪ್ರತಿ ರಾತ್ರಿ ಮನೆಯಲ್ಲೇ ಮಲಗಬೇಕೆನ್ನುವವರಿಗೆ ವಿತರಣೆಯನ್ನು ಹೇಳುತ್ತೇನೆ, ಸಂಬಳ ನಿಲುಗಡೆಯ ಲೆಕ್ಕದಲ್ಲಿಲ್ಲದ ಕಡೆ. ನಾನು ಮಾಡದೆ ಹೋದ ಒಂದು ಕೆಲಸವನ್ನು ಅವರೆಲ್ಲರೂ ಮಾಡಬೇಕು: ರಾಜೀನಾಮೆ ಬರೆಯುವ ಮೊದಲು, ಕಚೇರಿಯಿಂದ ರಜೆ ಹಾಕಿ, ಮೂರೂ ಬಗೆಯ ಲಾರಿಯಲ್ಲಿ ಚಾಲಕನ ಪಕ್ಕದ ಸೀಟಿನಲ್ಲಿ ತಲಾ ನಾಲ್ಕು ದಿನ ಕಳೆಯಬೇಕು. ನಾನು ಕುಳಿತದ್ದು ಒಂದೇ ದಿನ, ಅದೂ ಒಳ್ಳೆಯ ರಸ್ತೆಯಲ್ಲಿ, ಮಳೆಯಿಲ್ಲದ ತಿಂಗಳಲ್ಲಿ, ಖಾಲಿ ಲಾರಿಯಲ್ಲಿ.