ಡಬ್ಬ ಕೆಂಪು, ಚಿಪ್ ಹಳೇದು: ಸೆಕೆಂಡ್ ಹ್ಯಾಂಡ್ ಸ್ವಿಚ್ ಕೊಳ್ಳುವವರು ಒಮ್ಮೆ ಓದಿ

ಹಳೆಯ ನಿಂಟೆಂಡೊ ಸ್ವಿಚ್, ಅಂದರೆ ಕೈಯಲ್ಲಿ ಹಿಡಿದೂ ಟಿವಿಗೆ ಹಾಕಿಯೂ ಆಡುವ ವಿಡಿಯೋ ಗೇಮ್ ಪೆಟ್ಟಿಗೆ, ಕೊಳ್ಳಲು ಹೊರಟಿದ್ದೀರಾ? ದುಡ್ಡು ಹಾಕುವ ಮೊದಲು ಐದು ನಿಮಿಷ ನಿಲ್ಲಿ. ನಾನು 17,500 ರೂಪಾಯಿ ಫೀಸು ಕಟ್ಟಿ ಕಲಿತ ಪಾಠ, ನಿಮಗೆ ಪುಕ್ಕಟೆ.

ಏನೂ ಗೊತ್ತಿಲ್ಲದೆ ಹೋಗಿ ಬೋಳಿಸಿಕೊಂಡು ಬಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಯಾವ ಚಿಪ್, ಯಾವ ವರ್ಷ, ಎಷ್ಟು ನ್ಯಾನೋಮೀಟರ್ ಅಂತ ಅಕ್ಕನ ಮಗನಿಗೆ ವಾರವಿಡೀ ಭಾಷಣ ಬಿಗಿದು ಆಮೇಲೆ ಹೋಗಿದ್ದೆ.

ನಮ್ಮ ಮನೆ ಕೊಡಗಿನ ಮಾದಾಪುರದಿಂದ ಒಳಗೆ, ತೋಟದ ನಡುವೆ. ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಎಲ್ಲೋ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದೇ ಬೀಳುತ್ತದೆ. ಕರೆಂಟ್ ಹೋದರೆ ಎರಡು ದಿನ, ಕೆಲವೊಮ್ಮೆ ಮೂರು. ಇನ್ವರ್ಟರ್ ಮೊದಲ ರಾತ್ರಿಗೇ ಸುಸ್ತು. ಉಳಿದ ಚೂರುಪಾರು ಚಾರ್ಜು ಅಮ್ಮನ ಅಡುಗೆಮನೆ ಲೈಟಿಗೆ. ಸರಿಯಾಗಿ ಅದೇ ಹೊತ್ತಿಗೆ ಶಾಲೆಗೆ ಮಳೆ ರಜೆ ಕೊಡುತ್ತಾರೆ, ಸೋಮವಾರಪೇಟೆಯಿಂದ ಅಕ್ಕನ ಮಗ ಬ್ಯಾಗ್ ಹೊತ್ತು ಬಂದಿಳಿಯುತ್ತಾನೆ. ಟಿವಿ ಇಲ್ಲ, ನೆಟ್‌ವರ್ಕ್ ಇಲ್ಲ, ಅಂಗಳಕ್ಕೆ ಕಾಲಿಟ್ಟರೆ ಜಿಗಣೆ. "ಮಾವ, ಬೋರು" ಅನ್ನುವ ರಾಗ ಬೆಳಿಗ್ಗೆ ಏಳಕ್ಕೇ ಶುರು. ಹಾಗಾಗಿ ಬ್ಯಾಟರಿಯಲ್ಲಿ ಓಡುವ, ಹೆಚ್ಚು ಹೊತ್ತು ಓಡುವ ಆಟದ ಪೆಟ್ಟಿಗೆಯೇ ಬೇಕಿತ್ತು.

ಸ್ವಿಚ್ ಮೊದಲು ಬಂದದ್ದು 2017ರ ಮಾರ್ಚ್‌ನಲ್ಲಿ. ಒಳಗಿದ್ದದ್ದು ಎನ್‌ವಿಡಿಯಾದ ಟೆಗ್ರಾ ಎಕ್ಸ್1, 20 ನ್ಯಾನೋಮೀಟರ್ ತಯಾರಿಕೆಯದ್ದು. 2019ರ ಆಗಸ್ಟ್ ಹೊತ್ತಿಗೆ ಹೊರಗಿನ ರೂಪ ಒಂದಿಷ್ಟೂ ಬದಲಾಯಿಸದೆ ಒಳಗಿನ ಚಿಪ್ಪನ್ನು 16 ನ್ಯಾನೋಮೀಟರ್‌ಗೆ ತಂದರು. ಇದನ್ನೇ ಜನ ವಿ2 ಅನ್ನುವುದು. ಬ್ಯಾಟರಿ ಅದೇ 4310 ಎಂಎಎಚ್. ಆದರೆ ಕಂಪನಿಯೇ ಹೇಳುವ ಆಟದ ಹೊತ್ತು 2.5ರಿಂದ 6.5 ಗಂಟೆ ಇದ್ದದ್ದು 4.5ರಿಂದ 9 ಗಂಟೆಗೆ ಏರಿತು. ಆಟದ ವೇಗವೇನೂ ಹೆಚ್ಚಲಿಲ್ಲ. ಅದೇ ಕೆಲಸ, ಕಡಿಮೆ ಕರೆಂಟು, ಕಡಿಮೆ ಬಿಸಿ.

20 ಮತ್ತು 16ರ ನಡುವೆ ನಾಲ್ಕೇ ಅಲ್ಲವೇ ಅಂತ ಕೇಳಬೇಡಿ. ಆ ಅಂಕಿಗಳು ಅಳತೆಗಿಂತ ಹೆಚ್ಚಾಗಿ ಹೆಸರು. ನಿಜವಾದ ಲಾಭ ಟ್ರಾನ್ಸಿಸ್ಟರಿನ ಆಕಾರದಲ್ಲಿದೆ. ಹಳೆಯದರಲ್ಲಿ ಕರೆಂಟ್ ಹರಿಯುವ ದಾರಿ ಚಪ್ಪಟೆ, ಅದನ್ನು ತಡೆಯುವ ಗೇಟು ಮೇಲಿನಿಂದ ಮಾತ್ರ ಒತ್ತುತ್ತದೆ. ಆಫ್ ಆದಾಗಲೂ ಅಡಿಯಿಂದ ಸೋರುತ್ತಲೇ ಇರುತ್ತದೆ. ಹೊಸದರಲ್ಲಿ ಆ ದಾರಿ ಮೀನಿನ ರೆಕ್ಕೆಯ ಹಾಗೆ ಎದ್ದು ನಿಂತಿದೆ, ಗೇಟು ಮೂರು ಕಡೆಯಿಂದ ಅಪ್ಪಿಕೊಂಡಿದೆ. ಹೋಸ್ ಪೈಪನ್ನು ಹೆಬ್ಬೆರಳಲ್ಲಿ ಒತ್ತುವುದಕ್ಕೂ ಮುಷ್ಟಿಯಲ್ಲಿ ಹಿಂಡುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು. ಸೋರಿಕೆ ಕಡಿಮೆಯಾದರೆ ಬ್ಯಾಟರಿಯೂ ಉಳಿಯಿತು, ಫ್ಯಾನ್ ಗದ್ದಲವೂ ಇಳಿಯಿತು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಮೈಸೂರಿನ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ನಾನು ಬಾಯಿ ಬಿಡುವ ಮೊದಲೇ ಅಂಗಡಿಯವನು "ಸಾರ್, ಇದು ವಿ2, ಬ್ಯಾಟರಿ ಜಾಸ್ತಿ ಬರೋದು" ಅಂದ. ಡಬ್ಬ ನೋಡಿದೆ, ಪೂರ್ತಿ ಕೆಂಪು. 2019ರ ನಂತರದ್ದು ಹಾಗೇ ಇರಬೇಕು. ಬೆನ್ನ ಮೇಲಿನ ಸಣ್ಣಕ್ಷರ ನೋಡಿದೆ, ಎಚ್‌ಎಸಿ-001(-01). ಬ್ರಾಕೆಟ್ಟಿನೊಳಗಿನ ಆ 01 ಇದ್ದರೆ ಹೊಸ ಚಿಪ್, ಇಲ್ಲದಿದ್ದರೆ ಹಳೇದು. ಕೆಳಗಿನ ಅಂಚಿನ ಸ್ಟಿಕ್ಕರ್‌ನಲ್ಲಿ ಸೀರಿಯಲ್ ಎಕ್ಸ್‌ಕೆಡಬ್ಲ್ಯು ಅಂತ ಶುರುವಾಗಿತ್ತು, ಅದೂ ಸರಿ. ಡಬ್ಬದ ನಂಬರಿಗೂ ಸ್ಟಿಕ್ಕರಿನ ನಂಬರಿಗೂ ತಾಳೆಯೂ ಆಯಿತು. ಆನ್ ಮಾಡಿ ಒಂದು ರೇಸ್ ಆಡಿ ತೋರಿಸಿದ. ನನಗೋ ನನ್ನ ಜಾಣತನದ ಮೇಲೇ ಹೆಮ್ಮೆ. ಬಿಲ್ ಕೊಟ್ಟ, ಮಡಚಿ ಜೇಬಿಗೆ ಹಾಕಿಕೊಂಡು ಕುಶಾಲನಗರದ ಬಸ್ ಹತ್ತಿದೆ. ಬಿಲ್ಲಲ್ಲಿ ಏನು ಬರೆದಿದ್ದಾನೆ ಅಂತ ನೋಡಲಿಲ್ಲ.

ಜುಲೈಯ ಒಂದು ಶುಕ್ರವಾರ ಸಂಜೆ ಕರೆಂಟ್ ಹೋಯಿತು. ಹುಡುಗ ಫುಲ್ ಚಾರ್ಜಿನ ಸ್ವಿಚ್ ಹಿಡಿದು ಒಲೆಯ ಪಕ್ಕದ ಮಣೆಯಲ್ಲಿ ಕೂತ. ಏಳಕ್ಕೆ ಶುರು ಮಾಡಿದವನು ಒಂಬತ್ತೂವರೆಗೆ "ಮಾವ, ಆಫ್ ಆಯ್ತು" ಅಂದ. ಎರಡೂವರೆ ಗಂಟೆ. ಕೈಗೆ ತಗೊಂಡರೆ ಬೆನ್ನು ಬೆಚ್ಚಗೆ. ಅಮ್ಮ ಕಾಫಿ ಸೋಸುತ್ತಾ, "ನಿನ್ನ ಭಾಷಣವೇ ಇದಕ್ಕಿಂತ ಜಾಸ್ತಿ ಹೊತ್ತು ಓಡಿತ್ತಲ್ಲ" ಅಂದರು.

ಬ್ಯಾಟರಿ ಸತ್ತಿರಬೇಕು, ಹೊಸದು ಹಾಕಿಸಿದರೆ ಸರಿ ಹೋಗುತ್ತದೆ ಅಂದುಕೊಂಡು ಮುಂದಿನ ವಾರ ಮಡಿಕೇರಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಒಯ್ದೆ. ಅವನು ತಿರುಗಿಸಿ ನೋಡಿ ಮೊದಲು ಹಿಡಿದದ್ದು ಸ್ಕ್ರೂ. ಬೆನ್ನಿನ ನಾಲ್ಕು ಮೂಲೆಯಲ್ಲಿ ಇರಬೇಕಾದದ್ದು ಮೂರು ಕವಲಿನ ತಲೆಯ ಸ್ಕ್ರೂ, ಮಾಮೂಲಿ ಸ್ಕ್ರೂಡ್ರೈವರ್ ಅದಕ್ಕೆ ಕೂರುವುದಿಲ್ಲ. ನನ್ನದರಲ್ಲಿ ನಾಲ್ಕೂ ಪ್ಲಸ್ ಗುರುತಿನವು. ಒಂದರ ತಲೆ ಆಗಲೇ ಸವೆದು ಹೊಳೆಯುತ್ತಿತ್ತು. "ಅಣ್ಣ, ಇದನ್ನ ಯಾರೋ ಬಿಚ್ಚಿದ್ದಾರೆ. ಸೆಟ್ಟಿಂಗ್ಸ್ ಒಳಗಿನ ಸೀರಿಯಲ್ ನೋಡಿದ್ರಾ?" ಅಂದ.

ನೋಡಿರಲಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಕೊನೆಯವರೆಗೆ ಇಳಿದು ಸಿಸ್ಟಮ್ ಒತ್ತಿದರೆ ಸೀರಿಯಲ್ ನಂಬರ್ ತೋರಿಸುತ್ತದೆ. ಸ್ಟಿಕ್ಕರ್ ಹೇಳಿದ್ದು ಎಕ್ಸ್‌ಕೆಡಬ್ಲ್ಯು, ಪರದೆ ಹೇಳಿದ್ದು ಎಕ್ಸ್‌ಎಡಬ್ಲ್ಯು, ಅಂದರೆ ಹಳೆಯ ಚಿಪ್ಪಿನದ್ದು. ಮದರ್‌ಬೋರ್ಡ್ ಸತ್ತ ಯಾವುದೋ ಹೊಸ ಸ್ವಿಚ್ಚಿನ ಹೊರ ಕವಚ, ಸ್ಟಿಕ್ಕರ್, ಕೆಂಪು ಡಬ್ಬ, ಅದರೊಳಗೆ 20 ನ್ಯಾನೋಮೀಟರಿನ ಹಳೆಯ ಬೋರ್ಡು. ಎರಡರ ಅಳತೆಯೂ ಒಂದೇ ಆದ್ದರಿಂದ ಕೂರಿಸುವುದು ಕಷ್ಟವೇನಲ್ಲ. ಬ್ಯಾಟರಿ ಪಾಪ, ನೆಟ್ಟಗೇ ಇತ್ತು.

ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವನು ಕೂಗಾಡಲಿಲ್ಲ, ಬೈಯಲಿಲ್ಲ, ಬಹಳ ಮರ್ಯಾದೆಯಿಂದಲೇ, "ಸಾರ್, ವಿ2 ಅಂತ ಬಿಲ್ಲಲ್ಲಿ ಎಲ್ಲಿ ಬರ್ದಿದ್ದೀವಿ?" ಅಂದ. ಬಿಲ್ ಬಿಚ್ಚಿದೆ. "ಯೂಸ್ಡ್ ಗೇಮ್ ಸೆಟ್ 1, ನೋ ರಿಟರ್ನ್." ಮಾಡೆಲ್ ಇಲ್ಲ, ಸೀರಿಯಲ್ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಗೊತ್ತು. ಆದರೆ ನಾನು ಕೊಂಡದ್ದು ಯಾವ ಸ್ವಿಚ್ ಅಂತ ತೋರಿಸಲು ನನ್ನ ಬಳಿ ಇರುವುದು ಆ ಚೀಟಿ ಒಂದೇ.

ಹಾಗಾಗಿ ಅಂಗಡಿಯಲ್ಲಿ ನಿಂತೇ ಮಾಡಬೇಕಾದದ್ದು: ಡಬ್ಬ, ಬೆನ್ನು, ಸ್ಟಿಕ್ಕರ್ ಮೂರನ್ನೂ ನಂಬಬೇಡಿ, ಸೆಟ್ಟಿಂಗ್ಸ್ ಒಳಗಿನ ನಂಬರ್ ನೋಡಿ, ಅದನ್ನೇ ಬಿಲ್ಲಲ್ಲಿ ಬರೆಸಿ. ಮೂಲೆಯ ಸ್ಕ್ರೂಗಳ ಮೇಲೆ ಕಣ್ಣಾಡಿಸಿ. ಆಮೇಲೆ ಯಾವುದಾದರೂ ಭಾರೀ ಆಟ ಹಾಕಿ, ಬೆಳಕು ಪೂರ್ತಿ ಏರಿಸಿ, ಚಾರ್ಜರ್ ಇಲ್ಲದೆ ಇಪ್ಪತ್ತು ನಿಮಿಷ ಆಡಿ. ಹೊಸ ಚಿಪ್ಪಿಗೆ ಆರೇಳು ಪರ್ಸೆಂಟ್ ಇಳಿಯಬಹುದು. ಹತ್ತು ದಾಟಿ ಇಳಿದರೆ ಚಿಪ್ ಹಳೇದು, ಇಲ್ಲವೇ ಬ್ಯಾಟರಿ ಸೋತದ್ದು. ಎರಡೂ ನಿಮಗೆ ಬೇಡ. ಇಪ್ಪತ್ತು ನಿಮಿಷ ಆಡಲು ಬಿಡದ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.

ಇಷ್ಟೆಲ್ಲ ತಲೆನೋವು ಯಾಕೆ ಅನ್ನುವವರು ಸ್ವಲ್ಪ ಹೆಚ್ಚು ಕೊಟ್ಟು 2021ರ ಅಕ್ಟೋಬರ್‌ನಲ್ಲಿ ಬಂದ ಸ್ವಿಚ್ಚಿನ ಓಎಲ್ಇಡಿ ಪರದೆಯ ಮಾಡೆಲ್ ತಗೊಳ್ಳಿ. ಅದರಲ್ಲಿ ಹಳೆಯ ಚಿಪ್ ಬಂದೇ ಇಲ್ಲ, ಪರದೆಯೇ ದೊಡ್ಡದು, ಕವಚ ಬದಲಿಸಿ ಯಾಮಾರಿಸಲು ಆಗುವುದಿಲ್ಲ. ಸ್ವಿಚ್ ಲೈಟ್‌ನಲ್ಲೂ ಹೊಸ ಚಿಪ್ಪೇ, ಆದರೆ ಬ್ಯಾಟರಿ 3ರಿಂದ 7 ಗಂಟೆ ಮಾತ್ರ, ಟಿವಿಗೆ ಹಾಕಲೂ ಬರುವುದಿಲ್ಲ. ನನಗೆ ಮೊದಲೇ ಇಷ್ಟು ಬುದ್ಧಿ ಇದ್ದಿದ್ದರೆ ಓಎಲ್ಇಡಿಯೇ ತರುತ್ತಿದ್ದೆ.

ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಹುಡುಕುವವರಿಗೂ ಒಂದು ಮಾತು. ಅದರಲ್ಲೂ 2022ರಲ್ಲಿ ಬಂದ ಸಿಎಫ್ಐ-1200 ಸಾಲಿನಲ್ಲಿ ಚಿಪ್ 7ರಿಂದ 6 ನ್ಯಾನೋಮೀಟರ್‌ಗೆ ಇಳಿಯಿತು, ಹೊರಗಿನಿಂದ ನೋಡಿದರೆ ಗುರುತು ಸಿಗದು. ಆದರೆ ತೂಕ ಗುಟ್ಟು ಬಿಟ್ಟುಕೊಡುತ್ತದೆ: ಡಿಸ್ಕ್ ಡ್ರೈವ್ ಇರುವ ಪಿಎಸ್5ಗಳಲ್ಲಿ ಮೊದಲು ಬಂದದ್ದು 4.5 ಕೆಜಿ, 1200 ಬರೀ 3.9. ಬಿಸಿ ಕಡಿಮೆಯಾದಂತೆ ಬಿಸಿ ಹೊರಹಾಕುವ ಒಳಗಿನ ಲೋಹದ ಹೀಟ್‌ಸಿಂಕೂ ಸಣ್ಣದಾಯಿತು. ಕರಿಮೆಣಸು ತೂಗುವ ತಕ್ಕಡಿ ನಮ್ಮಲ್ಲಿ ಮನೆಮನೆಗೂ ಇದೆಯಲ್ಲ, ಕೊಳ್ಳುವ ಮೊದಲು ಒಮ್ಮೆ ಅದರ ಮೇಲಿಡಿ. ಪಿಎಸ್4 ಸ್ಲಿಮ್‌ನಂತೆ ಆಕಾರವೇ ಬದಲಾದದ್ದರಲ್ಲಿ ಈ ಭಯ ಇಲ್ಲ.

ನನ್ನ ಸ್ವಿಚ್ಚನ್ನು ಈಗ ಮಾರಾಟಕ್ಕೆ ಇಟ್ಟಿದ್ದೇನೆ. ಹಳೆಯ ಬೋರ್ಡು, ಕವಚ ಬೇರೆಯದ್ದು, ಬ್ಯಾಟರಿ ಎರಡೂವರೆ ಗಂಟೆ ಅಂತ ಇದ್ದದ್ದನ್ನು ಇದ್ದ ಹಾಗೇ ಬರೆದು, ಬೆಲೆ 9,000ಕ್ಕೆ ಇಳಿಸಿದೆ. ಹತ್ತು ದಿನ ಯಾರೂ ಕೇಳಲಿಲ್ಲ. ನಿನ್ನೆ ಒಬ್ಬ ಫೋನ್ ಮಾಡಿದ. ಸ್ವಿಚ್ ಬೇಡವಂತೆ. "ಆ ಬ್ಯಾಕ್ ಕವರ್, ಸ್ಟಿಕ್ಕರ್, ಕೆಂಪು ಡಬ್ಬ ಅಷ್ಟೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಾ ಸಾರ್?"