ಅರ್ಕಾ ಜೀತ್: ತಾರಸಿ ತೋಟಕ್ಕೆ ಹೇಳಿ ಮಾಡಿಸಿದ ಕರಬೂಜ

ಮನೆಯಲ್ಲೇ ಕರಬೂಜ ಬೆಳೆಯುವ ಆಸೆ ಇದ್ದವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಜೀತ್’ ಬೀಜ ಹಾಕಿ ನೋಡಿ. ಉತ್ತರ ಪ್ರದೇಶದ ‘ಬಟ್ಟಿ’ ಎಂಬ ನಾಟಿ ತಳಿಯಿಂದ ಆರಿಸಿ ತೆಗೆದದ್ದು. ಸಂಸ್ಥೆಯವರು ಬೀಜವನ್ನು ಆನ್‌ಲೈನ್‌ನಲ್ಲೂ ಮಾರುತ್ತಾರೆ. ಎಲ್ಲ ತಳಿಯೂ ಸದಾ ಸಿಗುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ.

ನನಗೆ ಇದು ಹಿಡಿಸಿದ್ದೇ ಗಾತ್ರಕ್ಕೆ. ಹಣ್ಣು ಅರ್ಧ ಕೆಜಿ ಆಸುಪಾಸು. ದೊಡ್ಡ ಹಣ್ಣಿನ ತಳಿಗಳಿಗೆ ಚೀಲದ ಮಣ್ಣು ಸಾಲದು, ಬಳ್ಳಿ ಸೊರಗಿ ಹಣ್ಣು ಸಪ್ಪೆಯಾಗುತ್ತದೆ. ಇದನ್ನು ಹಂದರಕ್ಕೆ ಹಬ್ಬಿಸಿ ಬಳ್ಳಿಗೆ ಎರಡು ಮೂರು ಕಾಯಿ ಮಾತ್ರ ಬಿಟ್ಟರೆ ಒಳ್ಳೆಯ ಹಣ್ಣು ಗ್ಯಾರಂಟಿ. ತಿರುಳು ಬಿಳಿ, ಮೆತ್ತಗೆ, ಪರಿಮಳ ಬಹಳ. ಸಿಹಿಗಂತೂ ಅಂಗಡಿಯ ಹಣ್ಣು ಹತ್ತಿರ ಬರುವುದಿಲ್ಲ. ಬೀಜದ ಗೂಡು ದೊಡ್ಡದು, ಹಾಗಾಗಿ ತಿರುಳು ಸ್ವಲ್ಪ ಕಡಿಮೆಯೇ.

ಮೊದಲು ಬರುವುದೆಲ್ಲ ಗಂಡು ಹೂ, ಉದುರಿದರೆ ಹೆದರಬೇಡಿ. ಆಮೇಲೆ ಪಕ್ಕದ ಕುಡಿಗಳಲ್ಲಿ, ಹೂವಿನ ಬುಡಕ್ಕೆ ನುಣುಪು ರೋಮದ ಪುಟ್ಟ ಗುಂಡು ಇರುವ ಹೂ ಬರುತ್ತವೆ. ಕಾಯಿ ಕಚ್ಚುವುದು ಅವೇ. ಜೇನು ಬಾರದ ತಾರಸಿಯಾದರೆ ಬೆಳಗ್ಗೆಯೇ ಗಂಡು ಹೂ ಕಿತ್ತು, ದಳ ಬಿಡಿಸಿ, ಅದರ ಪರಾಗವನ್ನು ಇವಕ್ಕೆ ಮೆಲ್ಲಗೆ ಸವರಿ. ಬಿಸಿಲೇರಿದ ಮೇಲೆ ಪ್ರಯೋಜನವಿಲ್ಲ. ಮಿಡಿ ನಿಂಬೆಯಷ್ಟಾಗುವ ಮೊದಲೇ ಕಾಗದದ ಚೀಲ ತೊಡಿಸಿ, ಇಲ್ಲದಿದ್ದರೆ ಹಣ್ಣುನೊಣ ಚುಚ್ಚಿ ಮೊಟ್ಟೆಯಿಡುತ್ತದೆ.

ಕಾಯಿ ಬಲಿತ ಮೇಲೆ ನೀರು ಕಡಿಮೆ ಮಾಡಬೇಕು. ಎಲೆ ಬಾಡದಷ್ಟು ಸಾಕು. ಇದು ಕೇಳಲು ಸಣ್ಣ ವಿಷಯ, ಆದರೆ ಆ ಸಿಹಿ ಅರ್ಧ ಇದರಲ್ಲೇ ಇದೆ. ಹೆಚ್ಚಾದರೆ ಹಣ್ಣು ಬಿರಿಯುತ್ತದೆ, ರುಚಿಯೂ ನೀರಾಗುತ್ತದೆ. ಹಣ್ಣಾದಾಗ ಸಿಪ್ಪೆ ಕಿತ್ತಳೆ ಬಣ್ಣಕ್ಕೆ ತಿರುಗಿ, ತೊಟ್ಟಿನ ಸುತ್ತ ಬಿರುಕು ಕಾಣಿಸುತ್ತದೆ. ಆಗ ತಾನೇ ಕಳಚಿ ಬೀಳುವುದರಿಂದ ನಾನು ಒಂದೊಂದಕ್ಕೂ ಹಳೇ ಸೀರೆ ತುಂಡಿನ ಜೋಳಿಗೆ ಕಟ್ಟುತ್ತೇನೆ.

ಜನವರಿಯಲ್ಲಿ ಬೀಜ ಊರಿದರೆ ರಾಮನವಮಿಯ ಪಾನಕಕ್ಕೆ ಮನೆ ಹಣ್ಣೇ ಆಗುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಕಿವುಚಿದರೆ ಸಾಕು, ನಮ್ಮತ್ತೆಯವರಂತೂ ಬೆಲ್ಲವೂ ಬೇಡ ಅನ್ನುತ್ತಾರೆ.

ಇದು ಹೈಬ್ರಿಡ್ ಅಲ್ಲ, ಬೀಜ ಎತ್ತಿಟ್ಟುಕೊಳ್ಳಬಹುದು. ಆದರೆ ಪಕ್ಕದಲ್ಲಿ ಮಂಗಳೂರು ಸೌತೆ ಇದ್ದರೆ ಬೇಡ. ಎರಡೂ ಒಂದೇ ಜಾತಿ, ಪರಾಗ ಬೆರೆತು ಮುಂದಿನ ವರ್ಷ ಏನು ಬರುತ್ತದೋ ಹೇಳಲಾಗದು.